ಹಿತ್ತಲಿಗೆ ಜೇಕು ತಂದದ್ದು

ನಮ್ಮ ಸಗರದಲ್ಲಿ ಇದುವರೆಗೆ ಯಾವ ಗಂಡಸೂ ಮಾಡದಂಥ ಒಂದು ತೋಟ ಮಾಡಿ ತೋರಿಸುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಪಂಚಾಯಿತಿ ಗ್ರಂಥಾಲಯದಲ್ಲಿ. ಸಾಕ್ಷಿಗೆ ತಿರುಗದ ಒಂದು ಫ್ಯಾನು, ಯಾರೂ ಬಿಚ್ಚದ ವಿಶ್ವಕೋಶದ ಸಂಪುಟಗಳು, ಪತ್ರಿಕೆಯನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗಿದ್ದ ಒಬ್ಬ ಓದುಗ. ಆ ಗ್ರಂಥಾಲಯವನ್ನು ನೋಡಿಕೊಳ್ಳುವವನು ನಾನೇ, ಪಂಪಣ್ಣ. ಬಾಗಿಲು ತೆಗೆಯುವುದು, ಧೂಳು ಹೊಡೆಯುವುದು, ಓದುಗರನ್ನು ಎಬ್ಬಿಸಿ ಮನೆಗೆ ಕಳಿಸುವುದು ನನ್ನ ಕೆಲಸ.

ಶಪಥಕ್ಕೆ ಕಾರಣ ಒಂದು ತೋಟಗಾರಿಕೆಯ ಮಾಸಪತ್ರಿಕೆ. ಅದು ನಮ್ಮೂರಿಗೆ ಎರಡು ತಿಂಗಳು ತಡವಾಗಿ ಬರುತ್ತದೆ. ಓದುವವನು ನಾನೊಬ್ಬನೇ ಆದ್ದರಿಂದ ಯಾರ ದೂರೂ ಇಲ್ಲ. ಅದರ ನಡುಪುಟದಲ್ಲಿ ಬಣ್ಣದ ಚಿತ್ರಗಳ ಸಮೇತ ಬರೆದಿತ್ತು: ನಿಮ್ಮ ಮನೆಯ ಹಿಂದೆ ನೀರು ನಿಲ್ಲುವ ಜಾಗವಿದೆಯೇ? ಚಿಂತೆ ಬಿಡಿ, ಅಲಂಕಾರದ ಜೇಕು ಹುಲ್ಲು ಬೆಳೆಸಿ.

ನೀರು ನಿಲ್ಲುವ ಜಾಗ! ನಮ್ಮ ಮನೆಯ ಹಿಂದೆ ಅದನ್ನು ಬಿಟ್ಟು ಬೇರೇನೂ ಇಲ್ಲ. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಹಿಂದಿನ ಗದ್ದೆಗೆ ಕಾಲುವೆಯಿಂದ ಬಿಟ್ಟ ನೀರಿನ ಒಸರು, ಎಲ್ಲ ಸೇರಿ ನಮ್ಮ ಹಿತ್ತಲು ವರ್ಷದ ಹನ್ನೆರಡು ತಿಂಗಳೂ ಒದ್ದೆ. ಅಲ್ಲಿ ನಾನು ನೆಟ್ಟ ಗುಲಾಬಿ ಕೊಳೆಯಿತು. ಮಲ್ಲಿಗೆ ಕೊಳೆಯಿತು. ಇದಕ್ಕೆ ಸಾವೇ ಇಲ್ಲ ಎಂದು ಮಾರಿದವನು ಆಣೆ ಮಾಡಿ ಕೊಟ್ಟ ಕಣಗಿಲೆ ಹದಿನೈದು ದಿನಕ್ಕೆ ಕೈಲಾಸ ಸೇರಿತು. ನನ್ನ ಕೈಗುಣಕ್ಕೆ ಹೆದರಿ ಊರವರು ನನಗೆ ಸಸಿ ಕೊಡುವುದನ್ನೇ ಬಿಟ್ಟಿದ್ದರು.

ನಿಜ ಹೇಳಬೇಕೆಂದರೆ ನನಗೆ ತೋಟ ಬೇಕಾಗಿರಲಿಲ್ಲ. ನನ್ನ ಹೆಂಡತಿ ದೇವಕ್ಕ ಒಳಕೋಣೆಯ ಮಂಚದಿಂದೆದ್ದು ಹಿತ್ತಲಿಗೆ ಬಂದು ಕೂರಬೇಕಾಗಿತ್ತು. ಎಳ್ಳ ಅಮಾವಾಸ್ಯೆಯಿಂದ ಅವಳು ಬಂದಿರಲಿಲ್ಲ. ಸಕ್ಕರೆ ಕಾಯಿಲೆ ಅವಳ ಎರಡು ಕಣ್ಣುಗಳನ್ನೂ ಒಂದಾದ ಮೇಲೆ ಒಂದರಂತೆ ತೆಗೆದುಕೊಂಡಿತ್ತು. ಕಲಬುರಗಿಯ ಡಾಕ್ಟರು ಸೂಜಿ ಹಾಕಿ ಹಾಕಿ, ಕೊನೆಗೊಂದು ದಿನ ಅವಳು ಎದುರಿಗಿದ್ದಂತೆಯೇ ನನ್ನ ಕಡೆ ತಿರುಗಿ, ಇನ್ನು ಇವರಿಗೆ ಬೆಳಕು ಯಾವುದು ನೆರಳು ಯಾವುದು ಅಷ್ಟೇ ತಿಳಿಯುತ್ತದೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಶಹಾಪುರದವರೆಗೆ ದೇವಕ್ಕ ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಆ ಡಾಕ್ಟರಿಗೆ ನಾ ಕಿವುಡಿ ಅಂತ ಯಾರು ಹೇಳಿದ್ರು?"

ನಾನು ನಕ್ಕೆ. ಅವಳು ನಗಲಿಲ್ಲ. ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಕೂತಳು. ಹೀಗೆ ಕೂರುವ ಹೆಂಗಸಲ್ಲ ಅವಳು. ಇಪ್ಪತ್ತೆರಡು ವರ್ಷ ಕಳೆ ತೆಗೆಯುವ ಹೆಣ್ಣಾಳುಗಳ ಗುಂಪನ್ನು ನಡೆಸಿದವಳು. ದೇವಕ್ಕನ ಗುಂಪು ಇಳಿದು ಎದ್ದ ಬತ್ತದ ಗದ್ದೆಯಲ್ಲಿ ಬತ್ತ ಬಿಟ್ಟರೆ ಇನ್ನೊಂದು ಎಸಳು ಉಳಿಯುತ್ತಿರಲಿಲ್ಲ. ಸುರಪುರದ ಕಡೆಯಿಂದಲೂ ರೈತರು ಬಂದು ನಮ್ಮ ಬಾಗಿಲಲ್ಲಿ, ಗುಂಪು ಯಾವ ದಿನ ಬರುತ್ತದೆ ಎಂದು ಕೇಳುತ್ತಿದ್ದರು. ಈಗ ಗುಂಪಿನ ಹೆಂಗಸರು ನೋಡಲು ಬಂದರೆ, ಮಲಗಿದ್ದಾಳೆ ಎಂದು ಹೇಳಲು ನನಗೆ ಹೇಳುತ್ತಿದ್ದಳು. ತಾನು ಗೋಡೆ ಹಿಡಿದು ನಡೆಯುವುದನ್ನು ಅವರು ನೋಡಬಾರದು. ಅಷ್ಟೇ ಅವಳ ಹಟ. ತನಗೆ ತಾನೇ ಹಾಕಿಕೊಂಡ ಶಿಕ್ಷೆಗೆ ನಾನು ಯಾವ ಕಚೇರಿಯಲ್ಲಿ ಅರ್ಜಿ ಕೊಡಲಿ?

ಇಂಥ ಹೆಂಗಸಿಗೆ ನಾನು ತರಹೊರಟದ್ದು ಜೇಕು. ನಮ್ಮ ಕಡೆಯ ಗದ್ದೆಗಳ ಕಳೆಗಳಲ್ಲೆಲ್ಲ ದೊಡ್ಡ ಕಳೆ ಯಾವುದು ಎಂದು ಯಾರನ್ನು ಕೇಳಿದರೂ ಹೇಳುವ ಹೆಸರು ಅದೇ. ನನಗೂ ಗೊತ್ತಿತ್ತು. ಆದರೆ ಗದ್ದೆಯ ಜೇಕಿಗೂ ಅಲಂಕಾರದ ಜೇಕಿಗೂ ಇರುವ ಸಂಬಂಧ ಓಣಿಯ ನಾಯಿಗೂ ಪೊಲೀಸ್ ನಾಯಿಗೂ ಇರುವಷ್ಟೇ ಎಂಬುದು ನನ್ನ ಸಿದ್ಧಾಂತ. ಕುಂಡದಲ್ಲಿ ಕೂತು ಬಸ್ಸು ಹತ್ತಿ ಬಂದದ್ದನ್ನು ಕಸ ಎನ್ನುವುದು ಹೇಗೆ? ಆದರೂ ದೇವಕ್ಕನಿಗೆ ಹೆಸರು ಹೇಳುವುದು ಬೇಡ, ಶೋ ಗಿಡ ಎಂದರಾಯಿತು, ಅವಳಿಗೆ ಹೇಗೂ ಕಾಣುವುದಿಲ್ಲವಲ್ಲ ಎಂದುಕೊಂಡೆ. ಈ ಕೊನೆಯ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ತಪ್ಪು ಒಪ್ಪಿಕೊಳ್ಳಲು ಕೂತ ಮೇಲೆ ಇದೊಂದನ್ನು ಬಿಡುವಂತಿಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಇನಾಯತ ಎಂಬುವನ ನರ್ಸರಿ ಇದೆ. ಮಾತು ಕಡಿಮೆ, ಗಿಡ ಹೆಚ್ಚು. ನಾನು ಕೇಳಿದ್ದಕ್ಕೆ ಅವನು ಹಸಿರು ಪರದೆಯ ನೆರಳಿನಲ್ಲಿ ನಾಲ್ಕು ಬಗೆಯ ಜೇಕು ಸಾಲಾಗಿ ಇಟ್ಟ. ಒಂದು, ಕಡ್ಡಿಯ ತುದಿಗೆ ಕೊಡೆಯಂತೆ ಎಲೆ ಬಿಚ್ಚಿದ್ದು. ಒಂದು, ತಲೆಯ ತುಂಬ ಹಸಿರು ಎಳೆಗಳ ಜುಟ್ಟು ಬಿಟ್ಟದ್ದು. ಒಂದು, ಬಿಳಿ ಚುಕ್ಕಿಯಂಥ ಹೂವಿನದು. ಇನ್ನೊಂದು ಹಳದಿ ಪಟ್ಟೆಯ ಸಣ್ಣ ಎಲೆಯದು. ಎಲ್ಲ ಚೆನ್ನಾಗಿದ್ದವು. ಚೆನ್ನಾಗಿದ್ದದ್ದನ್ನು ತೆಗೆದುಕೊಂಡು ನಾನೇನು ಮಾಡಲಿ? ನಾನು ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮುಟ್ಟಿ ನೋಡಲು ತೊಡಗಿದೆ.

ಗಿಡವನ್ನು ನೋಡಿ ಒಯ್ಯುವವರನ್ನು ಕಂಡಿದ್ದೇನೆ, ಮೂಸಿ ಒಯ್ಯುವವರನ್ನು ಕಂಡಿದ್ದೇನೆ, ಇದು ಮೊದಲ ಸಲ ಎಂದ ಇನಾಯತ. ನಾನು ವಿಷಯ ಹೇಳಿದೆ. ಅವನು ನನ್ನ ಕೈ ಹಿಡಿದು ಒಂದು ಕಡ್ಡಿಯ ಮೇಲಿಟ್ಟ.

"ಕಡ್ಡಿ ಹಿಡದು ಹೊಳ್ಳಿಸಿ ನೋಡ್ರಿ ಸರ. ದುಂಡಗ ಇಲ್ಲ. ಮೂರು ಮೂಲಿ ಅದಾವ. ಜೇಕಿನ ಜಾತೀನ ಹಂಗ."

ಹೌದು. ಬೆರಳುಗಳ ನಡುವೆ ಅದು ಉರುಳಲಿಲ್ಲ, ಮೂರು ಅಂಚುಗಳ ಮೇಲೆ ಹೊರಳಿತು. ನನಗೆ ರೋಮಾಂಚನವಾಯಿತು. ಮುಟ್ಟಿದರೆ ಇದು ಇಂಥ ಗಿಡ ಎಂದು ಹೇಳುವ ಗಿಡ! ಕಣ್ಣಿಲ್ಲದವಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಜುಟ್ಟಿನ ಜೇಕನ್ನು ಮುಟ್ಟಿದಾಗಲಂತೂ, ಮದುವೆಯಾದ ಹೊಸದರಲ್ಲಿ ದೇವಕ್ಕ ತಲೆಗೆ ನೀರು ಹಾಕಿಕೊಂಡು ಬಿಸಿಲಿಗೆ ಕೂದಲು ಬಿಟ್ಟು ಕೂರುತ್ತಿದ್ದದ್ದು ನೆನಪಾಗಿ, ಕಣ್ಣು ತೆರೆಯಲು ತುಸು ತಡವಾಯಿತು. ಹಳದಿ ಪಟ್ಟೆಯದಕ್ಕೆ ಕೈ ಹಾಕುವಷ್ಟರಲ್ಲಿ ಇನಾಯತ ಅದನ್ನು ಹಿಂದಕ್ಕೆ ಎಳೆದುಕೊಂಡ.

"ಇದು ಬ್ಯಾಡ್ರಿ. ಅಂಚು ಬ್ಲೇಡ್ ಇದ್ದಂಗ ಅದ. ಅಮ್ಮಾರ ಬೆರಳು ಕೊಯ್ತದ."

ಹೀಗೆ ಮೂರು ಬಗೆ, ಹನ್ನೆರಡು ಕುಂಡ ಆರಿಸಿದೆ. ಸ್ವಯಂವರದಲ್ಲಿಯೂ ಇಷ್ಟು ಶ್ರದ್ಧೆಯಿಂದ ಯಾರೂ ಆರಿಸಿರಲಾರರು.

ಅವಮಾನ ಬಸ್ಸಿನಲ್ಲಿಯೇ ಶುರುವಾಯಿತು. ಪಕ್ಕದ ಸೀಟಿನ ರೈತ ನನ್ನ ಕಾಲ ಬಳಿಯ ಕುಂಡಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕುಂಡಗಳನ್ನು ನೋಡಿದ. ಇದು ಜೇಕಲ್ಲವೇ ಎಂದು ಬಹಳ ಮೆಲ್ಲಗೆ, ಮನೆಯಲ್ಲಿ ಯಾರಾದರೂ ಹೋದರೇ ಎಂದು ಕೇಳುವ ದನಿಯಲ್ಲಿ ಕೇಳಿದ. ಅಲಂಕಾರದ್ದು ಎಂದೆ. ಆ ಮಾತು ಸೀಟಿನಿಂದ ಸೀಟಿಗೆ ಹೋಯಿತು. ನಮ್ಮ ಹೊಲದಲ್ಲಿ ಆರು ಎಕರೆ ಅಲಂಕಾರ ಇದೆ, ಗಾಡಿ ತಂದು ಹೊಡೆದುಕೊಂಡು ಹೋಗಿ ಎಂದು ಹಿಂದಿನಿಂದ ಯಾರೋ ಅಂದರು. ಸಗರ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಹೊರಗೂ ಗದ್ದೆಗಳೇ ಇದ್ದವು. ಗದ್ದೆಗಳಲ್ಲಿ ಹೆಂಗಸರು ಬಗ್ಗಿ ಅದನ್ನೇ ಕೀಳುತ್ತಿದ್ದರು.

ಹಿತ್ತಲಿನ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ಹನ್ನೆರಡನ್ನೂ ನೆಟ್ಟೆ. ನನ್ನ ಜೀವಮಾನದಲ್ಲಿ ನಾನು ನೆಟ್ಟ ಗಿಡಗಳು ಹಾಗೆ ನಿಂತದ್ದನ್ನು ನೋಡಿರಲಿಲ್ಲ. ವಾರದಲ್ಲಿ ಹೊಸ ಕುಡಿ. ಎರಡು ವಾರದಲ್ಲಿ ಒಂದು ಬುಡ ಮೂರಾಯಿತು. ಹಿಂದಿನ ಗದ್ದೆಯ ವಿಶ್ವರಾಧ್ಯ ಬೇಲಿಯ ಮೇಲಿಂದ ಇಣುಕಿ, ಕಣ್ಣನ್ನು ನಂಬದೆ ಚಪ್ಪಲಿ ಬಿಟ್ಟು ಒಳಗೇ ಬಂದು ನೋಡಿದ. ಅವನು ತನ್ನ ಬತ್ತಕ್ಕೆ ಆಗಷ್ಟೇ ಎರಡನೆಯ ಸಲ ಕಳೆ ತೆಗೆಸಿದ್ದ. ಒಂದು ಬೀಜ ನನ್ನ ಗದ್ದೆಗೆ ಬಿದ್ದರೆ ಪಂಚಾಯಿತಿ ಸೇರಿಸುತ್ತೇನೆ ಎಂದ. ಕೊನೆಗೆ, ಹೂ ಬಿಟ್ಟ ದಿನವೇ ಕತ್ತರಿಸಿ ಹಾಕುತ್ತೇನೆ ಎಂದು ನಾನು ಮಾತು ಕೊಡಬೇಕಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಕತ್ತರಿ ಹಿಡಿದು, ನಾನೇ ಆಸೆಪಟ್ಟು ತಂದ ಬಿಳಿ ಚುಕ್ಕಿಗಳ ತಲೆ ಕತ್ತರಿಸುವ ಕಟುಕನ ಕೆಲಸ ನನ್ನದಾಯಿತು. ಬೇಲಿಯಾಚೆ ವಿಶ್ವರಾಧ್ಯ ಹಲ್ಲುಜ್ಜುತ್ತ ಎಣಿಸುತ್ತಿದ್ದ.

ಮೌಲಾಬಿಯದು ಇನ್ನೊಂದು ಕಷ್ಟ. ಅವಳು ದೇವಕ್ಕನ ಗುಂಪಿನ ಬಲಗೈ. ದೇವಕ್ಕ ಒಳಗೆ ಕರೆಯದಿದ್ದರೂ ದಿನಾ ಮಧ್ಯಾಹ್ನ ಗದ್ದೆಯಿಂದ ನೇರ ಬಂದು, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಒಳಗಿನ ಗೋಡೆಗೆ ಕೇಳುವಂತೆ ಊರ ಸುದ್ದಿ ಹೇಳಿ ಹೋಗುತ್ತಿದ್ದಳು. ಅವಳು ಜೇಕನ್ನು ನೋಡಿದ ಮೊದಲ ದಿನ ನಾನು ಓಡಿಹೋಗಿ ಅಡ್ಡ ನಿಂತೆ. ಕೀಳಬೇಡ, ಒಳಗೆ ಹೇಳಬೇಡ, ಇದು ನಿಮ್ಮ ಅಕ್ಕನ ಸಲುವಾಗಿಯೇ ಎಂದು ಪಿಸುಗುಟ್ಟಿದೆ. ಅವಳು ತನ್ನ ಕೈಗಳನ್ನು ನೋಡಿಕೊಂಡಳು.

"ನಾ ಏನೂ ಮಾಡಂಗಿಲ್ಲ ಅಣ್ಣಾ. ಆದ್ರ ಈ ಕೈ ನನ್ನ ಮಾತು ಕೇಳಂಗಿಲ್ಲ."

ಹಾಗೆಂದು ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಕೂತುಬಿಟ್ಟಳು. ಮುಂದೆ ಬಂದಾಗಲೆಲ್ಲ ಹಾಗೆಯೇ ಕೂತಳು. ಚಹಾ ಕೊಟ್ಟರೂ ಬೇಡವೆನ್ನುತ್ತಿದ್ದಳು, ಕೈ ಹೊರಗೆ ತೆಗೆಯಬೇಕಲ್ಲ.

ಇಷ್ಟೆಲ್ಲ ಕಷ್ಟಪಟ್ಟದ್ದು ಯಾರಿಗಾಗಿಯೋ ಅವಳು ಮಾತ್ರ ಅಲುಗಲಿಲ್ಲ. ಹಿತ್ತಲಲ್ಲಿ ಶೋ ಗಿಡದ ತೋಟವಾಗಿದೆ ಬಾ ಎಂದೆ. ಆಗಲಿ ಎಂದಳು. ಮರುದಿನ ಕರೆದೆ. ಬಿಸಿಲು ಎಂದಳು. ಸಂಜೆ ಕರೆದೆ. ಸೊಳ್ಳೆ ಎಂದಳು. ಒಂದು ದಿನ ನಾನು ಹತ್ತಿರ ಕೂತು, ನೋಡುವ ತೋಟವಲ್ಲ ಅದು, ಮುಟ್ಟುವ ತೋಟ, ನಿನಗಾಗಿಯೇ ಕಣ್ಣು ಮುಚ್ಚಿ ಆರಿಸಿದ್ದೇನೆ ಎಂದೆ. ನನ್ನ ದನಿಯಲ್ಲಿ ಹೆಮ್ಮೆ ಇದ್ದಿರಬೇಕು. ಅವಳು ನನ್ನ ಕಡೆ ತಿರುಗಿದಳು.

"ಕಣ್ಣ ಮುಚ್ಚಿ ಆರಿಸಿದ ಮ್ಯಾಲ ನೀವು ತೆರದ್ರಿ. ಅಷ್ಟ ಫರಕು."

ಮತ್ತೆ ಗೋಡೆಯ ಕಡೆ ತಿರುಗಿದಳು. ನಾನು ಎದ್ದು ಬಂದು ಹಿತ್ತಲ ಬಾಗಿಲಲ್ಲಿ ನಿಂತೆ. ಜೇಕು ನನ್ನ ಎದೆಯ ಎತ್ತರಕ್ಕೆ ಬೆಳೆದು ಗಾಳಿಗೆ ತೂಗಾಡುತ್ತಿತ್ತು. ಬಾಳಿನಲ್ಲಿ ಒಮ್ಮೆಯಾದರೂ ಗಿಡ ಬೆಳೆಸಬೇಕೆಂದಿದ್ದೆ, ಬೆಳೆದಿತ್ತು. ನೋಡಲು ಇಬ್ಬರಿದ್ದೆವು, ನಾನು ಮತ್ತು ಬೇಲಿಯಾಚೆಯ ವಿಶ್ವರಾಧ್ಯ. ಅವತ್ತು ಅವನೂ ಬೇರೆ ಕಡೆ ನೋಡಿದ.

ಆರನೆಯ ವಾರದಲ್ಲಿ ಅನಾಹುತವಾಯಿತು. ಜೇಕಿನ ಬೇರು ನೀರು ಹುಡುಕುತ್ತ ಹೋಗಿ ಬಚ್ಚಲ ಮೋರಿಯ ಬಾಯಿಯನ್ನು ಕಟ್ಟಿಬಿಟ್ಟಿತ್ತು. ಅದು ನನಗೆ ತಿಳಿಯದು. ಆ ದಿನ ನಾನು ಗ್ರಂಥಾಲಯಕ್ಕೆ ಹೋದ ಮೇಲೆ ದೇವಕ್ಕ ಸ್ನಾನಕ್ಕೆ ಹೋಗಿದ್ದಾಳೆ. ಹಾಕಿಕೊಂಡ ನೀರೆಲ್ಲ ಹೊರಗೆ ಹೋಗದೆ ಹಿಮ್ಮಡಿ ಮುಳುಗುವಷ್ಟು ನಿಂತಿದೆ. ಬೇರೆ ಯಾರಾದರೂ ಆಗಿದ್ದರೆ ಗಂಡ ಬರಲಿ ಎಂದು ಕಾಯುತ್ತಿದ್ದರು. ಇವಳು ಸೀರೆ ಮೇಲೆ ಕಟ್ಟಿ, ಮೋರಿಯೊಳಗೆ ಮೊಣಕೈವರೆಗೆ ಕೈ ಹಾಕಿದ್ದಾಳೆ. ಕೈಗೆ ಬೇರು ಸಿಕ್ಕಿದೆ. ಅದು ಎಲ್ಲಿಂದ ಬಂತೆಂದು ಹಿತ್ತಲ ಬಾಗಿಲು ದಾಟಿ, ಮೋರಿಯ ಹೊರಬಾಯಿಂದ ಬೇರನ್ನು ತಡವುತ್ತ ಕಡ್ಡಿಯವರೆಗೆ ಹೋಗಿದ್ದಾಳೆ. ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿದ್ದಾಳೆ.

ಮಧ್ಯಾಹ್ನ ಊಟಕ್ಕೆಂದು ನಾನು ಬಂದಾಗ ಒಳಕೋಣೆಯ ಮಂಚ ಖಾಲಿ. ಹಿತ್ತಲಿಗೆ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೇವಕ್ಕ ಕೂತಿದ್ದಳು. ಮೊಣಕೈವರೆಗೆ ಕೆಸರು, ಹಣೆಯ ಮೇಲೆ ಕೆಸರು. ಮುಂದೆ ನನ್ನ ಹನ್ನೆರಡು ಕುಂಡದ ಸಂಸಾರವನ್ನೆಲ್ಲ ಹಿಡಿಹಿಡಿಯಾಗಿ ಕಟ್ಟಿ, ಮತ್ತೆ ಬೇರೂರದಂತೆ ಬುಡ ಮೇಲಾಗಿ ಬಿಸಿಲಿಗೆ ಜೋಡಿಸಿದ್ದಳು. ಕೆಸರಿನಲ್ಲಿ ಒಂದು ಎಸಳು ಉಳಿದಿರಲಿಲ್ಲ. ಮೂರು ಮೂಲೆಯ ಕಡ್ಡಿ ಕೈಗೆ ಸಿಕ್ಕರೆ ಅದು ಕಸ, ಕಿತ್ತು ಹಾಕು. ಹೊಸ ಹುಡುಗಿಯರಿಗೆ ಅವಳು ಇಪ್ಪತ್ತೆರಡು ವರ್ಷ ಕಲಿಸಿದ್ದು ಇಷ್ಟೇ ಎಂದು ಮೌಲಾಬಿ ಆಮೇಲೆ ಹೇಳಿದಳು. ಕೆಸರು ನೀರಿನಲ್ಲಿ ಬಗ್ಗಿ ಕೀಳುವವರು ಕಣ್ಣಿನಿಂದ ಕೀಳುವುದಿಲ್ಲವಂತೆ. ಲೋಕದ ಗಿಡಗಳಲ್ಲೆಲ್ಲ ದೇವಕ್ಕನ ಬೆರಳಿಗೆ ಹಗೆಯಾದ ಒಂದೇ ಒಂದನ್ನು ನಾನು ಕಣ್ಣು ಮುಚ್ಚಿ ಹುಡುಕಿ ತಂದಿದ್ದೆ.

"ಬಾಗಲಾಗ ಯಾಕ ನಿಂತೀರಿ?" ಎಂದಳು. "ಮನಿ ಹಿಂದ ಆಳೆತ್ತರ ಜೇಕು ಬೆಳದದ. ಆ ಮೌಲಾಬಿ ದಿನಾ ಬಂದು ಏನು ನೋಡಾಕತ್ತಿದ್ಲು? ನಾ ಒಂದು ಹಂಗಾಮು ಒಳಗ ಕುಂತ್ರ ಗುಂಪು ಇಷ್ಟು ಕೆಟ್ಟು ಹೋಗಬೇಕಾ?"

ಅವಳೇ ಮುಂದುವರಿಸಿ, ನಿಮ್ಮ ಶೋ ಗಿಡ ಒಂದೂ ಕೈಗೆ ಹತ್ತಲಿಲ್ಲ, ಅವು ಏನಾದವು ಎಂದು ಕೇಳಿದಳು. ಕೊಳೆತವು ಎಂದೆ. ನನ್ನ ಚರಿತ್ರೆ ಗೊತ್ತಿದ್ದವಳಾದ್ದರಿಂದ ನಂಬಿದಳು ಎಂದುಕೊಂಡೆ. ಹಸಿವಾಗಿದೆ ಎಂದಳು. ಹಸಿವು ಎಂಬ ಮಾತನ್ನು ಅವಳ ಬಾಯಿಂದ ಕೇಳಿ ಎಷ್ಟು ದಿನವಾಗಿತ್ತು! ಎರಡು ರೊಟ್ಟಿ ತಿಂದಳು. ಆಮೇಲೆ ಮೌಲಾಬಿ ಬಂದಾಗ, ಮಲಗಿದ್ದಾಳೆ ಎಂದು ಹೇಳಲು ಹೇಳಲಿಲ್ಲ. ತಾನೇ ಮೆಟ್ಟಿಲಿಗೆ ಹೋಗಿ ಅವಳನ್ನು ಅರ್ಧ ಗಂಟೆ ಬೈದಳು. ಮೌಲಾಬಿ ತಪ್ಪಾಯಿತು ಅಕ್ಕಾ ಎಂದು ತಲೆ ತಗ್ಗಿಸಿದಳು. ಆರು ವಾರದ ಮೇಲೆ ಅವಳ ಎರಡೂ ಕೈ ಹೊರಗಿದ್ದವು. ಒಂದರಿಂದ ಸೆರಗು ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮರುದಿನ ದೇವಕ್ಕ ಮತ್ತೆ ಹಿತ್ತಲಿಗೆ ಹೋದಳು. ಕೆಸರಿನಲ್ಲಿ ಕೈಯಾಡಿಸಿದಳು. ಏನೂ ಸಿಗಲಿಲ್ಲ. ಮೂರನೆಯ ದಿನ ಹೋಗಲಿಲ್ಲ. ನಾಲ್ಕನೆಯ ದಿನ ಗೋಡೆಯ ಕಡೆ ಮುಖ ಮಾಡಿ ಕೂತಳು.

ಐದನೆಯ ದಿನ ನಾನು ಇನಾಯತನ ನರ್ಸರಿಯಲ್ಲಿದ್ದೆ. ಗಿಡ ಹ್ಯಾಗೆ ಹತ್ತಿಕೊಂಡವು ಎಂದು ಕೇಳಿದ. ಅಮ್ಮಾರು ಬಹಳ ಮೆಚ್ಚಿದರು, ಇನ್ನೂ ಬೇಕಂತೆ ಎಂದೆ. ಅವನು ಒಳ್ಳೆಯ ಕುಂಡಗಳನ್ನೇ ಹುಡುಕಿ ಕೊಟ್ಟ. ದೇವಕ್ಕ ಮಧ್ಯಾಹ್ನ ಮಲಗಿದ್ದಾಗ ಕಳ್ಳನಂತೆ ಹಿತ್ತಲಿಗೆ ಇಳಿದು, ಅಲ್ಲೊಂದು ಇಲ್ಲೊಂದು, ತಾವಾಗಿಯೇ ಹುಟ್ಟಿದವು ಎನಿಸುವಂತೆ ನೆಟ್ಟೆ. ಬೆಳಿಗ್ಗೆ ಅವಳು ಬಂದು ಕಿತ್ತಳು. ಹಾಳು ಕಸ, ಎಷ್ಟು ಕಿತ್ತರೂ ಬರುತ್ತದೆ ಎಂದು ಬೈಯುತ್ತ ಕಿತ್ತಳು. ಅವಳ ಬೈಗುಳ ಕೇಳುತ್ತ ನಾನು ಒಳಗೆ ಚಹಾ ಕುಡಿದೆ. ಇಂಥ ಚಾಣಾಕ್ಷ ಗಂಡ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಾಯಿತು. ಮುಂದೆ ವಾರಕ್ಕೊಮ್ಮೆ ಇದೇ ನಡೆಯಿತು. ನಾನು ನೆಡುವುದು, ಅವಳು ಕೀಳುವುದು. ಬಸ್ಸಿನ ರೈತರು ಈಗ ನಗುತ್ತಿರಲಿಲ್ಲ. ಕಂಡರೆ ಕನಿಕರದಿಂದ ಜಾಗ ಬಿಡುತ್ತಿದ್ದರು.

ಐದನೆಯ ಸಲ ನೆಟ್ಟ ಮರುದಿನ ಬೆಳಿಗ್ಗೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಮಡಿಲಲ್ಲಿ ಒಂದು ಜೇಕಿನ ಬುಡ ಇತ್ತು. ಬೇರಿನ ಮುದ್ದೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಸುತ್ತಲೂ ಸವರುತ್ತಿದ್ದಳು.

"ಒಂದು ಮಾತು ಕೇಳಲೇನ್ರಿ?"

"ಕೇಳು."

"ನಮ್ಮೂರ ಜೇಕು ಯಾವಾಗಿಂದ ಬೇರಿಗೆ ತೆಂಗಿನ ನಾರು ಸುತ್ತಿಕೊಂಡು, ಗ್ಲಾಸಿನಾಗ ಹೊಯ್ದಂಗ ಬೆಳ್ಯಾಕತ್ತದ?"

ನಾನು ನೋಡಿದೆ. ಬೇರಿನಲ್ಲಿ ಕುಂಡದ ಅಚ್ಚು ಹಾಗೆಯೇ ಇತ್ತು, ಕೆಳಗೆ ಸಪಾಟು, ಸುತ್ತ ದುಂಡು. ಐದು ಸಲ ನೆಡುವಾಗಲೂ ಅದು ನನ್ನ ಕಣ್ಣೆದುರಿಗೇ ಇತ್ತು.

"ಯಾವಾಗ ತಿಳೀತು?" ಎಂದೆ.

"ಮೊದಲನೇ ದಿನಾನ."

"ಮತ್ತ ಹೇಳಬೇಕಿಲ್ಲೇನು?"

"ಹೇಳಿದ್ರ ನೀವು ತರೂದು ಬಿಡ್ತಿದ್ರಿ."

ನಾನು ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಅವಳು ಬುಡವನ್ನು ಕೊಡವಿ, ತಲೆಕೆಳಗು ಮಾಡಿ ಬಿಸಿಲಿಗಿಟ್ಟು, ಕೈ ತೊಳೆದುಕೊಂಡಳು. ಇನ್ನು ಮೇಲೆ ಈ ಕುಂಡದ್ದು ಬೇಡ ಎಂದಳು. ಸಾಕಿದ ಜೇಕು ಹಿಡಿದ ಕೂಡಲೇ ಬಂದುಬಿಡುತ್ತದೆ, ಕೈಗೆ ಜಿದ್ದೇ ಇಲ್ಲ. ವಿಶ್ವರಾಧ್ಯನ ಗದ್ದೆಯ ಒಡ್ಡಿನಲ್ಲಿ ಗಡ್ಡೆ ಇರುವ ಜೇಕು ಇದೆ, ಅದಾದರೆ ಎಳೆದರೂ ಗಡ್ಡೆ ಮಣ್ಣಿನಲ್ಲಿ ಉಳಿದು ಎಂಟು ದಿನಕ್ಕೆ ಮತ್ತೆ ಬರುತ್ತದೆ, ಅದನ್ನು ತಂದು ಹಚ್ಚಬೇಕು ಎಂದಳು.

ಅದಕ್ಕೇನಂತೆ, ನಾಳೆಯೇ ಹೋಗಿ ಚಲೋದು ನೋಡಿ ಆರಿಸಿ ತರುತ್ತೇನೆ ಎಂದೆ.

"ಆರಿಸಾಕ ನೀವು ಹೋಗಬ್ಯಾಡ್ರಿ," ಎಂದಳು ದೇವಕ್ಕ. "ಮೌಲಾಬೀನ್ನ ಕಳಸ್ತೀನಿ. ನಿಮಗ ಕಾಣಂಗಿಲ್ಲ."